ನೋವು ಇಳಿಸುವ ಮಾತು: ಪ್ಲಸೀಬೊ ಮತ್ತು ಸಮ್ಮೋಹನದ ಸಂಶೋಧನೆ

ಚೇಳು ಕಡಿದ ಉರಿಗೆ ಮಂತ್ರ ಹಾಕಿಸುವ ರೂಢಿ ವಿಜಯಪುರ ಸುತ್ತಿನ ಹಳ್ಳಿಗಳಲ್ಲಿ ಬಹಳ ಹಳೆಯದು. ತಿಕೋಟಾ, ಬಬಲೇಶ್ವರ ಭಾಗದ ಎರೆಹೊಲದ ಬದುವಿನ ಕಲ್ಲುಗುಡ್ಡೆ, ಕಣಕಿ ಬಣವೆ, ಮಾಳಿಗೆ ಮನೆಯ ಗೋಡೆಯ ಸಂದು ಎಲ್ಲವೂ ಚೇಳಿಗೆ ಆಸರೆ. ಮಂತ್ರ ಬಲ್ಲವರು ಕಡಿಸಿಕೊಂಡವನ ತೋಳನ್ನು ಭುಜದಿಂದ ಕೆಳಕ್ಕೆ ನೀವುತ್ತಾರೆ, ಉರಿ ಎಲ್ಲಿಯವರೆಗೆ ಇಳಿಯಿತು ಎಂದು ನಡುನಡುವೆ ಕೇಳುತ್ತಾರೆ. ಮೊಣಕೈ ಎನ್ನುತ್ತಾನೆ ಅವನು. ಸ್ವಲ್ಪ ಹೊತ್ತಿಗೆ ಮಣಿಕಟ್ಟು, ಆಮೇಲೆ ಬೆರಳು. ಕೊನೆಗೆ ಕಡಿದ ಜಾಗದಲ್ಲಷ್ಟೇ ನೋವು ಉಳಿದಿದೆ ಎಂದು ಎದ್ದು ಕೂರುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ, ನೋವು ನಿಜವಾಗಿಯೂ ಇಳಿದಿರುತ್ತದೆ. ಇಳಿಸಿದ್ದು ಯಾವುದು ಎಂಬುದು ವೈದ್ಯವಿಜ್ಞಾನ ಎರಡು ಶತಮಾನಗಳಿಂದ ಬೇರೆ ಬೇರೆ ರೂಪದಲ್ಲಿ ಕೇಳುತ್ತ ಬಂದಿರುವ ಪ್ರಶ್ನೆ.

ಆ ಒಂದು ತಾಸಿನಲ್ಲಿ ಕನಿಷ್ಠ ಮೂರು ಸಂಗತಿಗಳು ಒಟ್ಟಿಗೆ ನಡೆದಿರುತ್ತವೆ. ಹೆಚ್ಚಿನ ಚೇಳುಕಡಿತಗಳಲ್ಲಿ ಉರಿ ಏರಿ, ಕೆಲವು ತಾಸುಗಳಲ್ಲಿ ತಾನಾಗಿ ಇಳಿಯುತ್ತದೆ. ಇದು ರೋಗದ ಸಹಜ ಗತಿ. ತೋಳು ನೀವುವುದರಿಂದ ಸ್ಪರ್ಶದ ನರಗಳು ಚುರುಕಾಗಿ, ಬೆನ್ನುಹುರಿಯ ಮಟ್ಟದಲ್ಲೇ ನೋವಿನ ಸಂದೇಶಕ್ಕೆ ಅಡ್ಡ ಬರುತ್ತವೆ. ಮೂರನೆಯದು ನಿರೀಕ್ಷೆ: ಉರಿ ಇಳಿಯುತ್ತದೆ ಎಂದು ನಂಬಿದವನಿಗೆ, ಅದು ಹಂತಹಂತವಾಗಿ ಇಳಿಯುವ ದಾರಿಯನ್ನೂ ತೋರಿಸಲಾಗಿದೆ. ಪ್ಲಸೀಬೊ ಪರಿಣಾಮ ಎಂಬ ಹೆಸರು ಸಲ್ಲುವುದು ಈ ಮೂರನೆಯದಕ್ಕೆ ಮಾತ್ರ. ಔಷಧದ ಅಂಶವೇ ಇಲ್ಲದ ಗುಳಿಗೆ ನುಂಗಿದವರಿಗೆ ಗುಣ ಕಂಡರೆ ಅದೆಲ್ಲವನ್ನೂ ಗುಳಿಗೆಯ ಖಾತೆಗೆ ಬರೆಯುವುದು ತಪ್ಪು. ಗುಳಿಗೆಯನ್ನೂ ಕೊಡದ ಇನ್ನೊಂದು ಗುಂಪನ್ನು ಪಕ್ಕದಲ್ಲಿಟ್ಟು ನೋಡಿದಾಗ ಉಳಿಯುವ ವ್ಯತ್ಯಾಸವೇ ನಿಜವಾದ ಪರಿಣಾಮ.

ಈ ಎಚ್ಚರವನ್ನು ಆರಂಭದ ಸಂಶೋಧಕರು ಪಾಲಿಸಲಿಲ್ಲ. ಅಮೆರಿಕದ ಅರಿವಳಿಕೆ ತಜ್ಞ ಹೆನ್ರಿ ಬೀಚರ್ 1955ರಲ್ಲಿ 15 ಅಧ್ಯಯನಗಳ 1082 ರೋಗಿಗಳ ಲೆಕ್ಕ ಸೇರಿಸಿ, ನೂರಕ್ಕೆ 35 ಮಂದಿಗೆ ಪ್ಲಸೀಬೊದಿಂದಲೇ ಸಮಾಧಾನ ದೊರೆಯುತ್ತದೆ ಎಂದು ಬರೆದರು. ಆ ಅಂಕಿ ಅರ್ಧ ಶತಮಾನ ಪಠ್ಯಪುಸ್ತಕಗಳಲ್ಲಿ ಓಡಾಡಿತು. 2001ರಲ್ಲಿ ಡೆನ್ಮಾರ್ಕಿನ ಹ್ರೋಬ್ಯಾರ್ಟ್‌ಸನ್ ಮತ್ತು ಗೋಟ್ಶೆ, ಚಿಕಿತ್ಸೆಯೇ ಇಲ್ಲದ ಗುಂಪನ್ನೂ ಒಳಗೊಂಡ 114 ಪ್ರಯೋಗಗಳನ್ನು ಜರಡಿ ಹಿಡಿದಾಗ ಆ ದೊಡ್ಡ ಅಂಕಿ ನಿಲ್ಲಲಿಲ್ಲ. ಅಳೆದು ನೋಡಬಹುದಾದ ದೈಹಿಕ ಫಲಿತಾಂಶಗಳಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ನೋವಿನಲ್ಲಿ ಮಾತ್ರ ಪರಿಣಾಮ ಉಳಿಯಿತು. ಅದೂ ಸಣ್ಣದು, ನೂರರ ಅಳತೆಪಟ್ಟಿಯಲ್ಲಿ ಸರಾಸರಿ ಆರೂವರೆ. ಪ್ಲಸೀಬೊವನ್ನು ಸರ್ವರೋಗದ ಮದ್ದೆಂದು ಕೊಂಡಾಡುವವರೂ ಬರೀ ಭ್ರಮೆ ಎಂದು ತಳ್ಳಿಹಾಕುವವರೂ ಈ ಒಂದು ಫಲಿತಾಂಶದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಉಳಿದೆಲ್ಲ ಕಡೆ ಕರಗಿದ ಪರಿಣಾಮ ನೋವಿನಲ್ಲಿ ಏಕೆ ಉಳಿಯಿತು?

ಉತ್ತರ ನೋವಿನ ಸ್ವರೂಪದಲ್ಲೇ ಇದೆ. ಗಾಯ ಎಷ್ಟೋ ನೋವು ಅಷ್ಟು ಎಂಬ ಲೆಕ್ಕ ದೇಹದಲ್ಲಿ ನಡೆಯುವುದಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಇದೇ ಬೀಚರ್ ತೀವ್ರವಾಗಿ ಗಾಯಗೊಂಡ ಸೈನಿಕರನ್ನು ವಿಚಾರಿಸಿದಾಗ ಸುಮಾರು ಮುಕ್ಕಾಲು ಪಾಲು ಮಂದಿ ನೋವಿನ ಔಷಧ ಬೇಡವೆಂದಿದ್ದರು. ಅದೇ ಬಗೆಯ ಗಾಯದ ನಾಗರಿಕರು ಮಾರ್ಫಿನ್ ಬೇಡುತ್ತಿದ್ದರು. ಸೈನಿಕನಿಗೆ ಗಾಯವೆಂದರೆ ರಣರಂಗದಿಂದ ಬಿಡುಗಡೆ, ಮನೆಗೆ ಹೋಗುವ ದಾರಿ. 1965ರಲ್ಲಿ ರೊನಾಲ್ಡ್ ಮೆಲ್ಜ್ಯಾಕ್ ಮತ್ತು ಪ್ಯಾಟ್ರಿಕ್ ವಾಲ್ ಮಂಡಿಸಿದ ದ್ವಾರ ನಿಯಂತ್ರಣ ಸಿದ್ಧಾಂತ ಇದಕ್ಕೊಂದು ದೈಹಿಕ ನೆಲೆ ಕೊಟ್ಟಿತು. ಗಾಯದಿಂದ ಹೊರಟ ಸಂದೇಶ ಬೆನ್ನುಹುರಿಯಲ್ಲಿ ತಡೆಗೆ ಒಳಗಾಗುತ್ತದೆ. ಆ ತಡೆಯನ್ನು ಬಿಗಿ ಮಾಡುವ, ಸಡಿಲಿಸುವ ಆಜ್ಞೆ ಮಿದುಳಿನಿಂದ ಕೆಳಗೆ ಬರುತ್ತದೆ. ಭಯ, ಗಮನ, ನೆನಪು, ನಂಬಿಕೆಗಳೆಲ್ಲ ಆ ಆಜ್ಞೆಯಲ್ಲಿ ಸೇರಿರುತ್ತವೆ.

ಈ ಆಜ್ಞೆ ರಾಸಾಯನಿಕಗಳ ಮೂಲಕವೇ ಹರಿಯುತ್ತದೆ ಎಂಬುದಕ್ಕೆ ಮೊದಲ ಗಟ್ಟಿ ಪುರಾವೆ ಸಿಕ್ಕಿದ್ದು 1978ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೊದ ದಂತ ಚಿಕಿತ್ಸಾಲಯದಲ್ಲಿ. ಬುದ್ಧಿಹಲ್ಲು ಕೀಳಿಸಿಕೊಂಡವರಿಗೆ ಜಾನ್ ಲೆವಿನ್, ನ್ಯೂಟನ್ ಗಾರ್ಡನ್, ಹಾವರ್ಡ್ ಫೀಲ್ಡ್ಸ್ ಪ್ಲಸೀಬೊ ಕೊಟ್ಟರು. ಕೆಲವರಿಗೆ ನೋವು ಇಳಿಯಿತು. ಬಳಿಕ ನ್ಯಾಲೊಕ್ಸೋನ್ ಕೊಟ್ಟಾಗ ಇಳಿದಿದ್ದ ನೋವು ಮರಳಿತು. ನ್ಯಾಲೊಕ್ಸೋನ್ ಮಾರ್ಫಿನ್‌ನ ಕೆಲಸಕ್ಕೆ ತಡೆಯೊಡ್ಡುವ ಔಷಧ. ಮಾರ್ಫಿನ್ ಕೊಟ್ಟಿರದಿದ್ದರೂ ಅದು ತಡೆಯೊಡ್ಡಿತೆಂದರೆ, ದೇಹ ತನ್ನದೇ ಅಫೀಮಿನಂಥ ಎಂಡಾರ್ಫಿನ್‌ಗಳನ್ನು ಬಿಡುಗಡೆ ಮಾಡಿತ್ತು ಎಂದಾಯಿತು. ಇಟಲಿಯ ತುರಿನ್ ನಗರದ ಫ್ಯಾಬ್ರಿಜಿಯೊ ಬೆನೆಡೆಟ್ಟಿ ಮುಂದೆ ತೋರಿಸಿದಂತೆ ದಾರಿ ಒಂದೇ ಅಲ್ಲ. ಮಾರ್ಫಿನ್ ಪಡೆದು ರೂಢಿಯಾದವರಲ್ಲಿ ಪ್ಲಸೀಬೊ ಎಂಡಾರ್ಫಿನ್ ದಾರಿ ಹಿಡಿದರೆ, ಕೀಟೊರೋಲ್ಯಾಕ್‌ನಂಥ ಬೇರೆ ಜಾತಿಯ ನೋವುನಿವಾರಕಕ್ಕೆ ಒಗ್ಗಿದವರಲ್ಲಿ ಅದು ಗಾಂಜಾದ ಅಂಶಗಳನ್ನು ಹೋಲುವ ದೇಹದ ಸ್ವಂತ ರಾಸಾಯನಿಕಗಳ ದಾರಿ ಹಿಡಿಯುತ್ತದೆ. ದೇಹ ಹಿಂದಿನ ಔಷಧವನ್ನು ನೆನಪಿಟ್ಟು, ಅದರ ದಾರಿಯಲ್ಲೇ ಮತ್ತೆ ನಡೆಯುತ್ತದೆ.

ಔಷಧವನ್ನು ರೋಗಿಗೆ ಗೊತ್ತಾಗದಂತೆ ಕೊಟ್ಟು ನೋಡುವ ಪ್ರಯೋಗಗಳು ಇನ್ನೂ ಕಣ್ತೆರೆಸುವಂಥವು. ಶಸ್ತ್ರಕ್ರಿಯೆಯಾದವರಿಗೆ ಪರದೆಯ ಹಿಂದಿನ ಯಂತ್ರದಿಂದ ಗುಟ್ಟಾಗಿ ಮಾರ್ಫಿನ್ ಹರಿಸಿದಾಗ, 6ರಿಂದ 8 ಮಿಲಿಗ್ರಾಂ ಪ್ರಮಾಣದ ಫಲ ಕಣ್ಣೆದುರು ಕೊಟ್ಟ ಬರೀ ಉಪ್ಪುನೀರಿನ ಫಲಕ್ಕೆ ಸಮನಾಗಿತ್ತು. ಅಂದರೆ ವೈದ್ಯರು ಹಾಸಿಗೆಯ ಪಕ್ಕ ನಿಂತು, ಈಗ ನೋವಿನ ಔಷಧ ಕೊಡುತ್ತಿದ್ದೇವೆ ಎಂದು ಹೇಳುವುದೂ ಆ ಔಷಧದ ಒಂದು ಪಾಲು. ಅಲ್‌ಝೈಮರ್ ಕಾಯಿಲೆಯಿಂದ ಮಿದುಳಿನ ಮುಂಭಾಗದ ಸಂಪರ್ಕಗಳು ಹಾಳಾದವರಲ್ಲಿ ಈ ಪಾಲು ಕ್ಷೀಣಿಸುತ್ತದೆ ಎಂದು 2006ರ ಅಧ್ಯಯನ ತೋರಿಸಿತು. ನಿರೀಕ್ಷೆ ಇಟ್ಟುಕೊಳ್ಳುವ ಶಕ್ತಿಯೇ ಕುಂದಿದಾಗ ಅದೇ ಔಷಧ ಕಡಿಮೆ ಕೆಲಸ ಮಾಡುತ್ತದೆ. ವಯಸ್ಸಾದವರನ್ನು ನೋಡಿಕೊಳ್ಳುವ ಮನೆಮಂದಿಗೆ, ದಾದಿಯರಿಗೆ ಈ ಸಂಗತಿ ತಿಳಿದಿರಬೇಕು: ಅಂಥವರಿಗೆ ನೋವಿನ ಔಷಧ ಹೆಚ್ಚು ಬೇಕಾಗಬಹುದು, ಮಾತಿನಲ್ಲಿ ಕೇಳಲು ಅವರಿಗೆ ಬಾರದಿರಬಹುದು.

ಈ ಎಲ್ಲ ತಿಳಿವಳಿಕೆ ತಿಕೋಟಾದ ದ್ರಾಕ್ಷಿ ತೋಟಗಳ ಸುತ್ತ ದಿನನಿತ್ಯ ಪರೀಕ್ಷೆಗೆ ಒಳಗಾಗುತ್ತದೆ. ಏಪ್ರಿಲ್ ಮತ್ತು ಅಕ್ಟೋಬರ್ ಚಾಟ್ನಿಯಲ್ಲಿ (ಬಳ್ಳಿ ಸವರುವಾಗ), ಗೊನೆ ತಿದ್ದುವ ದಿನಗಳಲ್ಲಿ ಕೂಲಿಯವರು ಚಪ್ಪರದ ಕೆಳಗೆ ಕೈ ಮೇಲೆತ್ತಿ ದಿನವಿಡೀ ನಿಂತಿರುತ್ತಾರೆ. ಕುತ್ತಿಗೆ, ಭುಜ, ಸೊಂಟ ಹಿಡಿದುಕೊಳ್ಳುತ್ತವೆ. ಸಂಜೆ ದವಾಖಾನೆಗೆ ಬಂದವರು ಕೇಳುವುದು ಗುಳಿಗೆಯನ್ನಲ್ಲ, ಸೂಜಿಯನ್ನು. ನಿಶ್ಶಕ್ತಿ ಎನಿಸಿದರೆ ಸಲಾಯಿನ್ ಬಾಟಲಿಯನ್ನು. ಈ ಬೇಡಿಕೆಯನ್ನು ಅಜ್ಞಾನವೆಂದು ಬದಿಗೊತ್ತುವುದು ನ್ಯಾಯವಲ್ಲ. ಚುಚ್ಚುಮದ್ದಿನ ರೂಪದ ಪ್ಲಸೀಬೊ ಗುಳಿಗೆಯ ರೂಪದ್ದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ ಎಂಬುದನ್ನು ಅರೆತಲೆನೋವಿನ ಪ್ರಯೋಗಗಳ ಒಟ್ಟು ಲೆಕ್ಕ 2000ದಲ್ಲಿ ತೋರಿಸಿತು: ಎರಡು ತಾಸಿನೊಳಗೆ ಸಮಾಧಾನ ಕಂಡವರು ಗುಳಿಗೆಯ ಗುಂಪಿನಲ್ಲಿ ನೂರಕ್ಕೆ ಸುಮಾರು 26, ಚುಚ್ಚುಮದ್ದಿನ ಗುಂಪಿನಲ್ಲಿ ಸುಮಾರು 32. ಸೂಜಿಯಿಂದ ಬೇಗ ಹಗುರವಾಗುತ್ತದೆ ಎಂಬ ಕೂಲಿಯವರ ಅನುಭವಕ್ಕೆ ಆಧಾರವಿದೆ. ಆದರೆ ಆ ಸೂಜಿಯಲ್ಲಿರುವುದು ಉಪ್ಪುನೀರಲ್ಲ. ಸಾಮಾನ್ಯವಾಗಿ ಅದು ಡೈಕ್ಲೊಫೆನ್ಯಾಕ್, ಕೆಲವೊಮ್ಮೆ ಜೊತೆಗೆ ಸ್ಟೆರಾಯ್ಡ್. ಮೇಲಿಂದ ಮೇಲೆ ತೆಗೆದುಕೊಂಡರೆ ಮೊದಲನೆಯದು ಹೊಟ್ಟೆಯ ಒಳಪದರವನ್ನೂ ಮೂತ್ರಪಿಂಡವನ್ನೂ ಕೆಡಿಸಬಲ್ಲದು, ಎರಡನೆಯದು ಸಕ್ಕರೆ ಕಾಯಿಲೆಯನ್ನು ಉಲ್ಬಣಿಸಬಲ್ಲದು. ಕುಂಡೆಗೆ ಹಾಕುವಾಗ ಜಾಗ ತಪ್ಪಿದರೆ ಕಾಲಿನ ನರಕ್ಕೆ ಪೆಟ್ಟು ಬೀಳಬಹುದು. ಇನ್ನು ಬಾಟಲಿಯ ಮಾತು: ಅರ್ಧ ಲೀಟರ್ ಸಲಾಯಿನ್‌ನಲ್ಲಿ ನಾಲ್ಕೂವರೆ ಗ್ರಾಂ ಉಪ್ಪು, ಅಷ್ಟೇ ಗ್ಲೂಕೋಸ್ ದ್ರಾವಣದಲ್ಲಿ 25 ಗ್ರಾಂ ಸಕ್ಕರೆ ಇರುತ್ತದೆ, ಒಂದು ಜೋಳದ ರೊಟ್ಟಿಯ ಶಕ್ತಿ ಅದಕ್ಕಿಂತ ಕಡಿಮೆಯಲ್ಲ. ವಾಂತಿಭೇದಿಯಾಗಿ ನೀರು ಕಳೆದುಕೊಂಡವರಿಗೆ ಪ್ರಾಣ ಉಳಿಸುವ ಅದೇ ಬಾಟಲಿ, ದುಡಿದು ದಣಿದವರಿಗೆ ಕೊಡುವುದು ದಿನದ ಕೂಲಿ ನುಂಗುವ ನಂಬಿಕೆಯನ್ನಷ್ಟೇ.

ನಿರೀಕ್ಷೆ ನೋವನ್ನು ಇಳಿಸುವಂತೆ ಏರಿಸಲೂ ಬಲ್ಲದು. ಇದಕ್ಕೆ ನೊಸೀಬೊ ಎನ್ನುತ್ತಾರೆ. ಬಾಸ್ಟನ್ನಿನಲ್ಲಿ ಹೆರಿಗೆಗೆ ಬಂದ 140 ಮಹಿಳೆಯರ ಬೆನ್ನಿಗೆ ಅರಿವಳಿಕೆ ಚುಚ್ಚುವ ಮೊದಲು ಒಂದು ಗುಂಪಿಗೆ, ದೊಡ್ಡ ಜೇನು ಕುಟುಕಿದಂತಾಗುತ್ತದೆ, ಇಡೀ ಚಿಕಿತ್ಸೆಯಲ್ಲಿ ಇದೇ ಕಷ್ಟದ ಘಳಿಗೆ ಎಂದು ಹೇಳಲಾಯಿತು. ಇನ್ನೊಂದು ಗುಂಪಿಗೆ, ಈ ಔಷಧದಿಂದ ಜಾಗ ಜೋಮು ಹಿಡಿದು ನಿಮಗೆ ಆರಾಮಾಗುತ್ತದೆ ಎನ್ನಲಾಯಿತು. ಸೂಜಿ ಒಂದೇ, ಕೈಚಳಕ ಒಂದೇ. ಹತ್ತರ ಅಳತೆಯಲ್ಲಿ ಮೊದಲ ಗುಂಪಿನ ಮಧ್ಯಮ ನೋವು 5, ಎರಡನೆಯದರದು 3. 2010ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಹಣದ ಖರ್ಚಿಲ್ಲದ ಒಂದು ಪಾಠವಿದೆ, ಅದನ್ನು ನಾಳೆಯೇ ಯಾವ ಆಸ್ಪತ್ರೆಯೂ ಬಳಸಬಹುದು. ಬೆನ್ನಿನ ಎಕ್ಸ್‌ರೇ ಹಿಡಿದು ಮೂಳೆ ಸವೆದುಹೋಗಿದೆ, ನಡು ಹೋಯಿತು ಎಂದು ರೈತನೆದುರು ಹೇಳುವ ಮಾತು ಆ ನಡುವಿನ ಮೇಲೆ ವರ್ಷಗಟ್ಟಲೆ ಭಾರ ಹೇರುತ್ತದೆ. ವಯಸ್ಸಿನೊಂದಿಗೆ ಬಹುತೇಕ ಎಲ್ಲರ ಬೆನ್ನಿನಲ್ಲೂ ಕಾಣುವ ಬದಲಾವಣೆ ಇದು, ನೋವಿಲ್ಲದವರ ಎಕ್ಸ್‌ರೇಯಲ್ಲೂ ಇರುತ್ತದೆ ಎಂದರೆ ಅದೂ ಸತ್ಯವೇ.

ಸಮ್ಮೋಹನ ಇದೇ ಪ್ರದೇಶಕ್ಕೆ ಬೇರೊಂದು ಬಾಗಿಲಿನಿಂದ ಪ್ರವೇಶಿಸುತ್ತದೆ. ಗಮನವನ್ನು ಒಂದೇ ಕಡೆ ನೆಟ್ಟು, ಸುತ್ತಲಿನದನ್ನು ಮಸುಕಾಗಿಸಿ, ಆ ಸ್ಥಿತಿಯಲ್ಲಿ ಸೂಚನೆಗಳನ್ನು ಅನುಭವವಾಗಿ ಕಾಣುವುದು ಅದರ ತಿರುಳು. ಉತ್ತರ ಕರ್ನಾಟಕದವರಿಗೆ ಇದರ ಹತ್ತಿರದ ನೋಟ ಅಪರಿಚಿತವಲ್ಲ. ವೀರಭದ್ರನ ಜಾತ್ರೆಯಲ್ಲಿ ಒಡಪು ಹೇಳುತ್ತ, ವಾದ್ಯದ ಗತಿಗೆ ಹೆಜ್ಜೆ ಹಾಕುತ್ತ ಪುರವಂತರು ಕೆನ್ನೆಗೆ ಶಸ್ತ್ರ ಹಾಕಿಕೊಳ್ಳುತ್ತಾರೆ, ಮುಖದಲ್ಲಿ ನೋವಿನ ಚಹರೆ ಕಾಣುವುದಿಲ್ಲ. ಬೆನ್ನಿಗೆ ಕೊಕ್ಕೆ ಸಿಕ್ಕಿಸಿಕೊಂಡು ತೂಗುವ ಸಿಡಿಯ ಬಗ್ಗೆ ಇತಿಹಾಸಕಾರ ಡಿ.ಡಿ. ಕೋಸಂಬಿ ಬರೆದು 1967ರಲ್ಲಿ ಪ್ರಕಟವಾದ ಲೇಖನ ಮೆಲ್ಜ್ಯಾಕ್ ಅವರ ಗಮನ ಸೆಳೆದು, ನೋವಿನ ವಿಜ್ಞಾನದ ಪುಸ್ತಕಗಳಲ್ಲಿ ಸ್ಥಾನ ಪಡೆಯಿತು. ಇಂಥ ಆಚರಣೆಗಳಲ್ಲಿ ಭಕ್ತಿ, ತಯಾರಿ, ನೆರೆದ ಜನ ಎಲ್ಲ ಬೆರೆತಿರುವುದರಿಂದ ಅವನ್ನು ನೇರವಾಗಿ ಸಮ್ಮೋಹನ ಎನ್ನಲಾಗದು. ಗಮನದ ಏಕಾಗ್ರತೆ ನೋವಿನ ಮೇಲೆ ಎಷ್ಟು ಹಿಡಿತ ಸಾಧಿಸಬಲ್ಲದು ಎಂಬುದನ್ನಂತೂ ಅವು ಕಣ್ಣೆದುರು ಇಡುತ್ತವೆ.

ಸಮ್ಮೋಹನವನ್ನು ಶಸ್ತ್ರಕ್ರಿಯೆಗೆ ದೊಡ್ಡ ಪ್ರಮಾಣದಲ್ಲಿ ಬಳಸಿದ ಮೊದಲಿಗರಲ್ಲಿ ಒಬ್ಬರ ಕಾರ್ಯಕ್ಷೇತ್ರ ಭಾರತವೇ. ಸ್ಕಾಟ್ಲೆಂಡಿನ ಜೇಮ್ಸ್ ಎಸ್ಡೇಲ್ ಬಂಗಾಳದ ಹೂಗ್ಲಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವೈದ್ಯರಾಗಿದ್ದರು. 1845ರ ಏಪ್ರಿಲ್ 4ರಂದು ಸೆರೆಮನೆಯ ಕೈದಿಯೊಬ್ಬನ ಮೇಲೆ, ಆಗ ಮೆಸ್ಮರಿಸಂ ಎನ್ನುತ್ತಿದ್ದ ವಿಧಾನ ಪ್ರಯೋಗಿಸಿದರು. ಮುಂದೆ ಹಲವು ರೋಗಿಗಳಲ್ಲಿ ಆನೆಕಾಲು ರೋಗದಿಂದ ವೃಷಣದ ಚೀಲದಲ್ಲಿ ಬೆಳೆದ ಭಾರಿ ಗೆಡ್ಡೆಗಳನ್ನು ಆ ಸ್ಥಿತಿಯಲ್ಲೇ ಕೊಯ್ದರು. ಕತ್ತಲ ಕೋಣೆಯಲ್ಲಿ ರೋಗಿಯನ್ನು ಮಲಗಿಸಿ, ಸ್ಥಳೀಯ ಸಹಾಯಕರು ತಾಸುಗಟ್ಟಲೆ ಮೈಮೇಲೆ ಕೈಯಾಡಿಸುತ್ತಿದ್ದರು. ಸರ್ಕಾರ ನೇಮಿಸಿದ ಸಮಿತಿ 1846ರಲ್ಲಿ ನೋಡಿದಾಗ ಕೆಲವರು ಅಲುಗಾಡಲಿಲ್ಲ. ಕೆಲವರ ಮುಖ, ಕೈಕಾಲು ನೋವಿನಿಂದಲೋ ಎಂಬಂತೆ ತಿರುಚಿದವು, ಎಚ್ಚರವಾದ ಮೇಲೆ ಅವರು ಏನೂ ನೆನಪಿಲ್ಲ ಎಂದರು. ಕಲ್ಕತ್ತೆಯಲ್ಲಿ ಇದಕ್ಕೆಂದೇ ಒಂದು ಆಸ್ಪತ್ರೆ ತೆರೆಯಿತು. ಆದರೆ ಅದೇ 1846ರ ಅಕ್ಟೋಬರ್ 16ರಂದು ಬಾಸ್ಟನ್ನಿನಲ್ಲಿ ಈಥರ್, ಮರುವರ್ಷ ಎಡಿನ್‌ಬರೊದಲ್ಲಿ ಕ್ಲೋರೋಫಾರ್ಮ್ ಬಳಕೆಗೆ ಬಂದವು. ನಿಮಿಷಗಳಲ್ಲಿ ಎಲ್ಲರ ಮೇಲೂ ಕೆಲಸ ಮಾಡುವ ಅವುಗಳ ಮುಂದೆ ಎಸ್ಡೇಲ್ ವಿಧಾನ ನಿಲ್ಲಲಿಲ್ಲ. ಕೈಯಿಂದ ರೋಗಿಯ ಮೈಗೆ ಹರಿಯುತ್ತದೆ ಎಂದು ಅವರು ನಂಬಿದ್ದ ಜೀವಕಾಂತ ದ್ರವವೂ ನಿಜವಾಗಿರಲಿಲ್ಲ. ಪ್ಯಾರಿಸ್ಸಿನಲ್ಲಿ 1784ರಲ್ಲೇ ವಿಜ್ಞಾನಿಗಳಾದ ಫ್ರ್ಯಾಂಕ್ಲಿನ್, ಲವಾಸಿಯೆ ಇದ್ದ ಸಮಿತಿ, ಕಣ್ಣು ಕಟ್ಟಿ ನಡೆಸಿದ ಪರೀಕ್ಷೆಗಳಲ್ಲಿ ಅಂಥ ದ್ರವವಿಲ್ಲ ಎಂದು ತೋರಿಸಿಯಾಗಿತ್ತು. ಸೆರೆಮನೆಯ ಆ ಕೈದಿ ಬೇಡ ಎನ್ನುವ ಸ್ವಾತಂತ್ರ್ಯ ಇದ್ದವನಲ್ಲ ಎಂಬುದನ್ನೂ ಈ ಇತಿಹಾಸ ಓದುವಾಗ ಮರೆಯಬಾರದು.

ಇಪ್ಪತ್ತನೆಯ ಶತಮಾನದಲ್ಲಿ ಅಧ್ಯಯನ ಪ್ರಯೋಗಾಲಯಕ್ಕೆ ಬಂತು. ಸ್ಟ್ಯಾನ್‌ಫರ್ಡ್‌ನಲ್ಲಿ ಆಂಡ್ರೆ ವೈಟ್ಸೆನ್‌ಹಾಫರ್ ಮತ್ತು ಅರ್ನೆಸ್ಟ್ ಹಿಲ್ಗಾರ್ಡ್ 1959ರಲ್ಲಿ 12 ಅಂಶಗಳ ಅಳತೆಗೋಲು ರೂಪಿಸಿದರು. ಸಮ್ಮೋಹನಕ್ಕೆ ಒಳಗಾಗುವ ಶಕ್ತಿ ವ್ಯಕ್ತಿಯಿಂದ ವ್ಯಕ್ತಿಗೆ ಬೇರೆ, ಒಬ್ಬನಲ್ಲಿ ಅದು ಬಹುಮಟ್ಟಿಗೆ ಸ್ಥಿರ ಎಂದು ಅದರಿಂದ ತಿಳಿಯಿತು. ಸಮ್ಮೋಹನ ಪ್ಲಸೀಬೊದ ಇನ್ನೊಂದು ಹೆಸರಷ್ಟೇ ಎಂಬ ಅನುಮಾನವನ್ನು 1969ರಲ್ಲಿ ಮೆಕ್‌ಗ್ಲಾಶನ್, ಇವಾನ್ಸ್, ಆರ್ನ್ ಚೊಕ್ಕವಾಗಿ ಪರೀಕ್ಷಿಸಿದರು. ರಕ್ತಸಂಚಾರ ತಡೆದ ತೋಳಿನ ನೋವಿನಲ್ಲಿ, ಸಮ್ಮೋಹನಕ್ಕೆ ಸುಲಭವಾಗಿ ಒಳಗಾಗದವರಿಗೆ ಸಮ್ಮೋಹನದಿಂದ ಸಿಕ್ಕಿದ್ದು ಪ್ಲಸೀಬೊ ಗುಳಿಗೆಯಿಂದ ಸಿಕ್ಕಷ್ಟೇ. ಸುಲಭವಾಗಿ ಒಳಗಾಗುವವರಿಗೆ ಅದಕ್ಕಿಂತ ಬಹಳ ಹೆಚ್ಚು ಸಿಕ್ಕಿತು. 1975ರ ಒಂದು ಚಿಕ್ಕ ಪ್ರಯೋಗದಲ್ಲಿ ನ್ಯಾಲೊಕ್ಸೋನ್ ಕೊಟ್ಟರೂ ಸಮ್ಮೋಹನದಿಂದ ಇಳಿದ ನೋವು ಮರಳಲಿಲ್ಲ. ಅಂದರೆ ಎರಡೂ ಒಂದೇ ರಾಸಾಯನಿಕ ದಾರಿಯವಲ್ಲ ಎನಿಸುತ್ತದೆ. ಮಾಂಟ್ರಿಯಲ್‌ನ ಪಿಯರ್ ರೆನ್ವಿಲ್ ತಂಡ 1997ರಲ್ಲಿ, ಬಿಸಿನೀರಿನಲ್ಲಿ ಕೈಯಿಟ್ಟವರ ಮಿದುಳಿನ ಚಿತ್ರ ತೆಗೆಯಿತು. ನೋವಿನ ಅಹಿತ ಮಾತ್ರ ಹೆಚ್ಚುಕಡಿಮೆಯಾಗಲಿ ಎಂಬ ಸೂಚನೆಗೆ, ಸಂಕಟಕ್ಕೆ ಸಂಬಂಧಿಸಿದ ಮಿದುಳಿನ ಭಾಗದ ಚಟುವಟಿಕೆ ಬದಲಾಯಿತು. ನೋವು ಎಲ್ಲಿ, ಎಷ್ಟು ಎಂದು ಗುರುತಿಸುವ ಭಾಗ ಹಾಗೆಯೇ ಇತ್ತು. ನೋವು ಗೊತ್ತಾಗುವುದು ಬೇರೆ, ನೋವು ಕಾಡುವುದು ಬೇರೆ ಎಂಬ ಅನುಭವಕ್ಕೆ ಇದು ದೊಡ್ಡ ಸಾಕ್ಷಿ.

ಆಸ್ಪತ್ರೆಯಲ್ಲಿ ಇದರ ಫಲ ಎಷ್ಟು? ಎಲ್ವಿರಾ ಲ್ಯಾಂಗ್ ತಂಡ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ರಕ್ತನಾಳ ಮತ್ತು ಮೂತ್ರಪಿಂಡಕ್ಕೆ ನಳಿಕೆ ತೂರಿಸುವ ಚಿಕಿತ್ಸೆಗೆ ಬಂದ 241 ಮಂದಿ ಇದ್ದರು. ಎಂದಿನ ಆರೈಕೆ ಪಡೆದವರಿಗೆ ಸಮಯ ಹೋದಂತೆ ನೋವು ಏರಿತು, ಸ್ವಸಮ್ಮೋಹನ ಹೇಳಿಕೊಟ್ಟವರಲ್ಲಿ ಏರಲಿಲ್ಲ; ಔಷಧ ಕಡಿಮೆ ಸಾಕಾಯಿತು, ಚಿಕಿತ್ಸೆ 78 ನಿಮಿಷದ ಬದಲು 61 ನಿಮಿಷಕ್ಕೆ ಮುಗಿಯಿತು. ಗೈ ಮಾಂಟ್ಗೊಮರಿ ತಂಡ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸ್ತನದ ಶಸ್ತ್ರಕ್ರಿಯೆಗೆ ಮುನ್ನ ಕೇವಲ 15 ನಿಮಿಷದ ಸಮ್ಮೋಹನ ಕೊಟ್ಟಾಗ ಅರಿವಳಿಕೆ ಔಷಧ ಕಡಿಮೆ ಬೇಕಾಯಿತು, ನೋವು, ವಾಕರಿಕೆ, ಆಯಾಸ ಕಡಿಮೆಯಾದವು. ಬೆಲ್ಜಿಯಂನ ಲಿಯೇಜ್ ಆಸ್ಪತ್ರೆ 1992ರಿಂದ ಆಯ್ದ ಶಸ್ತ್ರಕ್ರಿಯೆಗಳಲ್ಲಿ ಸ್ಥಳೀಯ ಅರಿವಳಿಕೆಯ ಜೊತೆಗೆ ಸಮ್ಮೋಹನ ಬಳಸುತ್ತಿದೆ. ಪ್ರಯೋಗಾಲಯದ ನೋವಿನ 85 ಅಧ್ಯಯನಗಳನ್ನು 2019ರಲ್ಲಿ ಒಟ್ಟುಗೂಡಿಸಿದಾಗ, ಸುಲಭವಾಗಿ ಒಳಗಾಗುವವರಲ್ಲಿ ನೋವು ನೂರಕ್ಕೆ 42ರಷ್ಟು, ಮಧ್ಯಮದವರಲ್ಲಿ 29ರಷ್ಟು ಇಳಿದಿತ್ತು.

ಇಷ್ಟೆಲ್ಲ ಆದರೂ ಈ ಶಕ್ತಿಗೆ ಒಂದು ಗಡಿ ಇದೆ, ಅದನ್ನು ಮೀರಿ ನಂಬಿದರೆ ಜೀವ ಹೋಗುತ್ತದೆ. 2011ರಲ್ಲಿ ಅಸ್ತಮಾ ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ ನಿಜವಾದ ಔಷಧದ ಪಂಪಿನಿಂದ ಉಸಿರಾಟದ ಅಳತೆ ನೂರಕ್ಕೆ 20ರಷ್ಟು ಸುಧಾರಿಸಿತು, ಹುಸಿ ಪಂಪಿನಿಂದ ಸುಮಾರು 7ರಷ್ಟು. ಏನೂ ಕೊಡದಿದ್ದಾಗಲೂ ಸುಮಾರು ಅಷ್ಟೇ. ಆದರೆ ಹಗುರವಾಯಿತು ಎಂದು ರೋಗಿಗಳು ಹೇಳಿದ ಪ್ರಮಾಣ ಎರಡೂ ಪಂಪಿಗೆ ಹೆಚ್ಚುಕಡಿಮೆ ಒಂದೇ ಆಗಿತ್ತು. ಚೇಳಿನ ವಿಷಯದಲ್ಲೂ ಹೀಗೆಯೇ. ಮಹಾರಾಷ್ಟ್ರ ಮತ್ತು ಉತ್ತರ ಕರ್ನಾಟಕದಲ್ಲಿರುವ ಕೆಂಪು ಚೇಳಿನ ವಿಷ ನರತುದಿಗಳನ್ನು ಕೆರಳಿಸಿ, ಅಡ್ರಿನಲಿನ್‌ನಂಥ ರಾಸಾಯನಿಕಗಳ ಪ್ರವಾಹ ಎಬ್ಬಿಸುತ್ತದೆ. ಬೆವರು, ವಾಂತಿ, ತಣ್ಣಗಾದ ಕೈಕಾಲು, ಆಮೇಲೆ ಹೃದಯ ಸೋತು ಶ್ವಾಸಕೋಶದಲ್ಲಿ ನೀರು. ಮಕ್ಕಳಿಗೆ ಅಪಾಯ ಹೆಚ್ಚು. ರಾಯಗಡ ಜಿಲ್ಲೆಯ ಮಹಾಡ್‌ನಲ್ಲಿ ಡಾ. ಹಿಮ್ಮತರಾವ್ ಬಾವಸ್ಕರ್ ಪ್ರಾಜೋಸಿನ್ ಎಂಬ ರಕ್ತದೊತ್ತಡದ ಗುಳಿಗೆಯಿಂದ ಇಂಥ ಸಾವುಗಳನ್ನು ತಡೆಯುವ ದಾರಿ ತೋರಿಸಿದರು. ಜೊತೆಗೆ ಪ್ರತಿವಿಷ ಕೊಟ್ಟರೆ ಚೇತರಿಕೆ ಇನ್ನೂ ಬೇಗ ಎಂಬುದು 2011ರಲ್ಲಿ ಪ್ರಕಟವಾಯಿತು. ಮಂತ್ರದಿಂದ ಉರಿ ಇಳಿದ ಮಗುವಿನ ಹೃದಯದಲ್ಲಿ ವಿಷದ ಕೆಲಸ ನಿಂತಿರುವುದಿಲ್ಲ. ಹಾವು, ಚೇಳು, ನಾಯಿ ಕಡಿದವರನ್ನು ವೈದ್ಯಕೀಯ ಚಿಕಿತ್ಸೆಯಿಂದ ತಡೆದು ಮಂತ್ರತಂತ್ರ ಮಾಡುವುದನ್ನು, 2020ರ ಜನವರಿಯಲ್ಲಿ ಜಾರಿಗೆ ಬಂದ ಕರ್ನಾಟಕದ ಅಮಾನವೀಯ ದುಷ್ಟ ಪದ್ಧತಿಗಳು ಹಾಗೂ ವಾಮಾಚಾರ ತಡೆ ಕಾಯ್ದೆ ಅಪರಾಧವೆಂದು ಪರಿಗಣಿಸಿದ್ದು ಈ ಕಾರಣಕ್ಕೆ ಸರಿಯಾಗಿದೆ. ಫ್ಲೋರೈಡ್ ಹೆಚ್ಚಿರುವ ಕೊಳವೆಬಾವಿ ನೀರು ಕುಡಿದು ಬಿಗಿದ ಬೆನ್ನುಮೂಳೆಯೂ ಸೂಚನೆಗೆ ಸಡಿಲವಾಗುವುದಿಲ್ಲ. ಅಂಥ ನೀರಿನ ಊರಿಗೆ ಮೊದಲು ಬೇಕಾದುದು ಶುದ್ಧ ನೀರು.

ಹಾಗಾದರೆ ರೋಗಿಗೆ ಸುಳ್ಳು ಹೇಳದೆ ಈ ಶಕ್ತಿಯನ್ನು ಬಳಸಬಹುದೇ? ಟೆಡ್ ಕ್ಯಾಪ್ಚಕ್ ತಂಡ 2010ರಲ್ಲಿ ಕರುಳಿನ ತೊಂದರೆಯಿದ್ದ 80 ಮಂದಿಯಲ್ಲಿ ಸುಮಾರು ಅರ್ಧದಷ್ಟು ಜನರಿಗೆ, ಇದರಲ್ಲಿ ಔಷಧವಿಲ್ಲ ಎಂದು ತಿಳಿಸಿಯೇ ಗುಳಿಗೆ ಕೊಟ್ಟಿತು. ಮೂರು ವಾರದ ಬಳಿಕ ಅವರಲ್ಲಿ ನೂರಕ್ಕೆ 59 ಮಂದಿ, ಗುಳಿಗೆಯಿಲ್ಲದ ಗುಂಪಿನಲ್ಲಿ 35 ಮಂದಿ ಸಮಾಧಾನ ಕಂಡೆವೆಂದರು. ದೀರ್ಘಕಾಲದ ಸೊಂಟನೋವಿನಲ್ಲೂ ಲಿಸ್ಬನ್ನಿನ ಸಂಶೋಧಕರು 2016ರಲ್ಲಿ ಇದೇ ಬಗೆಯ ಫಲ ಕಂಡರು. ತಮಗೆ ಗುಳಿಗೆ ಸಿಗಲಿಲ್ಲವೆಂದು ಇನ್ನೊಂದು ಗುಂಪಿಗೆ ಗೊತ್ತಿರುವುದು ಇಂಥ ಪ್ರಯೋಗಗಳ ದೌರ್ಬಲ್ಯ, ಅವು ನಡೆದ ಅವಧಿಯೂ ಚಿಕ್ಕದು. ಹಾಗಿದ್ದರೂ ಮೋಸವಿಲ್ಲದೆ ಪ್ಲಸೀಬೊ ಇಲ್ಲ ಎಂಬ ಹಳೆಯ ತೀರ್ಮಾನವನ್ನು ಅವು ಅಲ್ಲಾಡಿಸಿವೆ. ಇಂದಿನ ಚಿಕಿತ್ಸೆಯ ಸಮ್ಮೋಹನದಲ್ಲಿ ಈ ತೊಡಕು ಇಲ್ಲ: ಏನು ಮಾಡಲಾಗುತ್ತಿದೆ ಎಂಬುದು ರೋಗಿಗೆ ಪೂರ್ತಿ ಗೊತ್ತಿರುತ್ತದೆ, ಒಪ್ಪಿಗೆಯಿಲ್ಲದೆ ಅದು ನಡೆಯುವುದೂ ಇಲ್ಲ.

ವಿಜಯಪುರ ನಗರದಲ್ಲಿ ಜಿಲ್ಲಾ ಆಸ್ಪತ್ರೆಯಿದೆ, 1980ರ ದಶಕದಲ್ಲಿ ಆರಂಭವಾದ ಅಲ್ ಅಮೀನ್ ಮತ್ತು ಶ್ರೀ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜುಗಳಿವೆ, ಆಯುರ್ವೇದ ಮಹಾವಿದ್ಯಾಲಯವೂ ಇದೆ. ತಿಕೋಟಾ, ಬಬಲೇಶ್ವರದ ರೋಗಿಗಳು ಕೊನೆಗೆ ಬರುವುದು ಇಲ್ಲಿಗೇ. ಇಂಥ ಕಡೆ ಸಮ್ಮೋಹನ ಮೊದಲು ನೆರವಾಗಬಲ್ಲದ್ದು ಸುಟ್ಟಗಾಯದ ಡ್ರೆಸ್ಸಿಂಗ್ ಬದಲಿಸುವಾಗ, ಹಲ್ಲು ಕೀಳುವಾಗ, ಹೆರಿಗೆಯಲ್ಲಿ, ಮಕ್ಕಳಿಗೆ ಸೂಜಿ ಹಾಕುವಾಗ. ಅದಕ್ಕೆ ತರಬೇತಾದ ವೈದ್ಯರೋ ಮನಃಶಾಸ್ತ್ರಜ್ಞರೋ ಬೇಕು. ವೇದಿಕೆಯ ಮೇಲೆ ಜನರನ್ನು ಕುಣಿಸುವ ಪ್ರದರ್ಶನಕ್ಕೂ ಇದಕ್ಕೂ ಸಂಬಂಧವಿಲ್ಲ. ಸೂಚನೆಗಳು ರೋಗಿಯ ಮಾತಿನಲ್ಲೇ ಇರಬೇಕು. ಮಂಜುಗಡ್ಡೆಯ ಸರೋವರವನ್ನು ಕಲ್ಪಿಸಿಕೊಳ್ಳಿ ಎನ್ನುವುದಕ್ಕಿಂತ, ಚಳಿಗಾಲದ ಬೆಳಗ್ಗೆ ಬಾವಿಯ ನೀರಿನಲ್ಲಿ ಕೈಯಿಟ್ಟು ಜೋಮು ಹಿಡಿದದ್ದನ್ನು ನೆನೆಸಿಕೊಳ್ಳಿ ಎಂದರೆ ಇಲ್ಲಿನವರ ಕೈಗೆ ಅದು ಬೇಗ ತಲುಪುತ್ತದೆ. ಎರಡು ಮೂರು ಭೇಟಿಗಳಲ್ಲಿ ಸ್ವಸಮ್ಮೋಹನ ಕಲಿತವರು ಮನೆಯಲ್ಲೇ ಅಭ್ಯಾಸ ಮುಂದುವರಿಸಬಹುದು. ಭ್ರಮೆ, ವಾಸ್ತವದ ಅರಿವು ತಪ್ಪುವಂಥ ತೀವ್ರ ಮಾನಸಿಕ ಕಾಯಿಲೆ ಇರುವವರಿಗೆ ಇದು ತಕ್ಕುದಲ್ಲ. ಎದೆನೋವು, ಹೊಟ್ಟೆಯಲ್ಲಿ ಹಠಾತ್ತನೆ ಎದ್ದ ನೋವು, ಕಾಲಿನ ಬಲ ಕುಂದಿಸುವ ಬೆನ್ನುನೋವು, ರಾತ್ರಿ ನಿದ್ದೆಗೆಡಿಸುತ್ತ ತೂಕ ಇಳಿಸುವ ನೋವು ಇದ್ದರೆ ಮೊದಲು ಕಾರಣ ಹುಡುಕುವ ಪರೀಕ್ಷೆಯಾಗಬೇಕು. ಸಮ್ಮೋಹನಕ್ಕೆ ಸರದಿ ಬರುವುದು ಆ ಕಾರಣ ತಿಳಿದು, ಅದಕ್ಕೆ ಚಿಕಿತ್ಸೆ ಆರಂಭವಾದ ಮೇಲೆ.